ಅಜ್ಜನಿಗೆ ಕುಡಿಸಿದವರು

ಮುಳ್ಳು ಇಳಿದಿತ್ತು.

ಗ್ಯಾರೇಜಿನ ಬಾಗಿಲು ಮೇಲಕ್ಕೆ ಸರಿದು ಬೆಳಗಿನ ಬೆಳಕು ಕಾರಿನ ಮೂತಿಯ ಮೇಲೆ ಬಿದ್ದ ಕೂಡಲೇ ಅಕ್ಕನ ಕಣ್ಣು ಹೋದದ್ದು ಅಲ್ಲಿಗೇ. ಕೂಲಂಟ್ ಹಾಕುವ ಬಾಯಿಗೆ ಬಿಗಿದಿದ್ದ ಕೈಪಂಪಿನ ಮೀಟರಿನಲ್ಲಿ ನಿನ್ನೆ ಸಂಜೆ ಕೆಂಪು ಗೆರೆಯ ಮೇಲೆ ನೆಟ್ಟಗೆ ನಿಂತಿದ್ದ ಮುಳ್ಳು, ಈಗ ಸೋತವರ ತಲೆಯಂತೆ ಅರ್ಧಕ್ಕೆ ಬಾಗಿ ಕೂತಿತ್ತು.

"ಯಾರೂ ಮುಟ್ಬೇಡಿ," ಎಂದರು ಇನ್ಸ್‌ಪೆಕ್ಟರಮ್ಮ. ಪಂಪಿನ ಸುತ್ತ ತಾವೇ ಅಂಟಿಸಿ ಸಹಿ ಹಾಕಿದ್ದ ಕಾಗದದ ಪಟ್ಟಿಯನ್ನು ಬಗ್ಗಿ ಪರೀಕ್ಷಿಸಿದರು. ಎಲ್ಲೂ ಹರಿದಿರಲಿಲ್ಲ. "ಸರಿ. ಇದರ ಅರ್ಥ ಏನು?"

"ನಿನ್ನೆ ಒಳಗೆ ತುಂಬಿದ ಒತ್ತಡ ಎಲ್ಲೋ ಜಾರಿ ಹೋಗಿದೆ ಅಂತ ಅರ್ಥ," ಎಂದ ಮೂಗಣ್ಣ. ಯಾವ ಗಾಡಿ ಬಂದರೂ ಮುಟ್ಟುವ ಮೊದಲು ಮೂಸುತ್ತಿದ್ದ ಮೆಕ್ಯಾನಿಕ್‌ಗೆ ಬೀದಿಯವರು ಕಟ್ಟಿದ ಹೆಸರು ಅದು. "ಎಂಜಿನ್ ತಣ್ಣಗಿಡೋ ಕೂಲಂಟ್ ಕಳೆದುಹೋಗ್ತಿದೆ ಅಂತ ಈಯಮ್ಮನ ತಂಗಿ ಹೇಳಿದ್ದು ಸುಳ್ಳಲ್ಲ. ಎಲ್ಲಿಗೆ ಹೋಗ್ತಿದೆ ಅನ್ನೋದೊಂದು ಗೊತ್ತಾಗ್ಬೇಕು."

"ಎಲ್ಲಿಗೆ ಅಂತ ನಾನು ಹೇಳ್ತೀನಲ್ಲ," ಎಂದಳು ಬಾಗಿಲ ಬಳಿ ನಿಂತಿದ್ದ ಮೇಷ್ಟ್ರ ಮಗಳು. ಗ್ರೀಸು ತಾಗೀತೆಂದು ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. "ನಮ್ಮಪ್ಪನ ಹೊಟ್ಟೆಗೆ. ಈ ನಾಟಕ ಬೇಗ ಮುಗಿಸಿ, ಪುಣ್ಯ ಬರುತ್ತೆ."

ಆಸ್ಪತ್ರೆಯಲ್ಲಿ ಮಾತು ನಿಂತು ಮಲಗಿದ್ದ ಮೇಷ್ಟ್ರ ರಕ್ತದಲ್ಲಿ ಸಿಕ್ಕ ವಿಷ ಕಾರಿನ ಕೂಲಂಟ್. ಅವರನ್ನು ಹಗಲಿಡೀ ನೋಡಿಕೊಳ್ಳುತ್ತಿದ್ದ ನರ್ಸ್ ಅಕ್ಕನ ತಂಗಿ. ಅವಳ ಕಾರಿನ ಡಿಕ್ಕಿಯಲ್ಲಿ ಅರ್ಧ ಖಾಲಿಯಾದ ಕೂಲಂಟ್ ಕ್ಯಾನು. ಅಷ್ಟೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ತಂಗಿ ಅಕ್ಕನಿಗೆ ಕಳಿಸಿದ್ದ ಒಂದು ಮೆಸೇಜು ಪೊಲೀಸರ ಕೈಗೆ ಸಿಕ್ಕಿ ಎಲ್ಲವೂ ಕೆಟ್ಟಿತ್ತು.

'ಅಜ್ಜನಿಗೆ ಇವತ್ತೂ ಕುಡಿಸಿ ಹೊರಟೆ. ಎಷ್ಟು ಕೊಟ್ರೂ ಸಾಲ್ದು. ಇನ್ನೆಷ್ಟು ದಿನ ತಡೀತಾನೋ!'

ಅಜ್ಜ ಎಂದರೆ ಮೇಷ್ಟ್ರಲ್ಲ, ಈ ಕಾರು ಎಂದು ಅಕ್ಕ ಎಷ್ಟು ಬಡಿದುಕೊಂಡರೂ ಠಾಣೆಯಲ್ಲಿ ಯಾರೂ ನಂಬಿರಲಿಲ್ಲ. ಕಾರಿಗೆ ಯಾರಾದರೂ ಅಜ್ಜ ಅಂತಾರೇನ್ರೀ?

ಅನ್ನುತ್ತಾರೆ. ಅಜ್ಜನನ್ನೇ ಕಾಣದ ಮನೆಯಲ್ಲಿ ಅನ್ನುತ್ತಾರೆ. ಅಪ್ಪ ಅಮ್ಮ ಇಬ್ಬರೂ ಯಾರ ಗೊಡವೆಯೂ ಇಲ್ಲದೆ ಬಂದು ಸಂಸಾರ ಹೂಡಿದವರು; ಅಜ್ಜ ಎಂಬ ಪದ ಆ ಮನೆಯಲ್ಲಿ ಶಾಲೆಯ ಪುಸ್ತಕದಲ್ಲಿ ಮಾತ್ರ ಇತ್ತು. ಯಾರೋ ಓಡಿಸಿ ಸಾಕಾಗಿ ಮಾರಿದ ಈ ಹೈಬ್ರಿಡ್ ಕಾರನ್ನು ತಂಗಿ ತಂದು ಅಕ್ಕನ ಹೊಲಿಗೆ ಅಂಗಡಿಯ ಮುಂದೆ ನಿಲ್ಲಿಸಿ, "ಅಕ್ಕಾ, ನಮಗೂ ಒಬ್ಬ ಅಜ್ಜ ಸಿಕ್ಕ ನೋಡೇ," ಎಂದು ಕೂಗಿದ ದಿನ, ಅಕ್ಕ ಹೊಲಿಗೆ ಯಂತ್ರದ ಮುಂದೆಯೇ ನಗುತ್ತಾ ಕೂತುಬಿಟ್ಟಿದ್ದಳು. ಆ ನಗುವೇ ಈಗ ಕುತ್ತಿಗೆಗೆ ಬಂದಿತ್ತು.

ನಾಳೆ ತಂಗಿಯನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಕಾರು ಕುಡಿಯುತ್ತಿತ್ತು ಎಂದು ಇವತ್ತು ತೋರಿಸಿದರೆ ಅವಳ ಮಾತಿಗೆ ಬೆಲೆ. ಇಲ್ಲದಿದ್ದರೆ ಇಲ್ಲ.

ಅಕ್ಕ ಕೈಯೊಳಗೆ ಕೈ ಹಿಸುಕಿಕೊಂಡಳು. ತಂಗಿಯನ್ನು ಕರೆದೊಯ್ದ ದಿನದಿಂದ ಸೂಜಿ ಮುಟ್ಟಿರಲಿಲ್ಲ. ಇವತ್ತು ಬರುವ ದಾರಿಯಲ್ಲಿ ಮಾತ್ರ ಮನಸ್ಸು ಗಟ್ಟಿ ಮಾಡಿ ಅಂಗಡಿಯ ಬೀಗ ತೆಗೆದು, ಒಗೆಯಬೇಕಾದ ಬಟ್ಟೆಗಳ ಬುಟ್ಟಿಯನ್ನು ಲಾಂಡ್ರಿಯವನಿಗೆಂದು ಮೆಟ್ಟಿಲ ಮೇಲಿಟ್ಟು ಬಂದಿದ್ದಳು. ಮೊದಲು ಒಗೆತ, ಆಮೇಲೆ ಹೊಲಿಗೆ. ಅಮ್ಮ ಕಲಿಸಿದ ಪಾಠ. ಕೊಳೆಯ ಮೇಲೆ ಹೊಲಿದರೆ ದಾರವೂ ನಿಲ್ಲದು, ಗಿರಾಕಿಯೂ ನಿಲ್ಲ.

ಮೂಗಣ್ಣ ನೆಲಕ್ಕೆ ಹಾಸಿದ್ದ ರಟ್ಟನ್ನು ಕಾರಿನ ಕೆಳಗಿಂದ ಎಳೆದ. ಒಣಗಿತ್ತು. ಒಂದು ಹನಿಯ ಗುರುತಿಲ್ಲ.

"ನೋಡಿದ್ರಾ?" ಎಂದಳು ಮೇಷ್ಟ್ರ ಮಗಳು. "ಸೋರಿದ್ರೆ ನೆಲ ಒದ್ದೆಯಾಗ್ಬೇಕಿತ್ತು. ಅದೂ ಅಲ್ದೆ ಎಂಜಿನ್ ಪಕ್ಕದ ಆ ಕೂಲಂಟ್ ಬಾಟಲಿ ನೋಡಿ, ಬಾಯಿ ತನಕ ತುಂಬಿದೆ!"

"ಅದು ಬೇರೆ ಬಾಟಲಿ ತಾಯಿ," ಎಂದ ಮೂಗಣ್ಣ ತಲೆಯೆತ್ತದೆ. "ಇವನು ಅರ್ಧ ಪೆಟ್ರೋಲು, ಅರ್ಧ ಕರೆಂಟು. ಹೊಟ್ಟೇನೂ ಎರಡು. ತುಂಬಿರೋದು ಕರೆಂಟಿನ ಹೊಟ್ಟೆ. ಹಸಿದಿರೋದು ಎಂಜಿನ್ನಿನದ್ದು. ದೊಡ್ಡ ವರ್ಕ್‌ಶಾಪ್‌ನವರು ಸೋರಿಕೆ ಇಲ್ಲ ಅಂತ ಬರೆದುಕೊಟ್ಟಿದ್ದಾರಲ್ಲ, ಅವರೂ ಹೊರಗಡೆಯಷ್ಟೇ ನೋಡಿದ್ದು."

ಅವನು ನೀರಿನ ಪಂಪಿನ ಸುತ್ತ ಬೆರಳಾಡಿಸಿದ. ಕೂಲಂಟ್ ಜಿನುಗಿದ್ದರೆ ಒಣಗಿ ಗುಲಾಬಿ ಬಣ್ಣದ ಹಕ್ಕಳೆ ಕಟ್ಟಿರಬೇಕಿತ್ತು. ಇರಲಿಲ್ಲ. ಪೈಪುಗಳ ಕೀಲುಗಳನ್ನು ಒತ್ತಿದ. ಒಣಗಿದ್ದವು. ಮುಂದಿನ ಸೀಟಿನ ಕೆಳಗೆ ಮ್ಯಾಟ್ ಎತ್ತಿ, ಕಾರ್ಪೆಟ್ಟಿಗೆ ಅಂಗೈ ಒತ್ತಿ, ಮೂಗು ತಾಗಿಸಿ ಮೂಸಿದ.

"ಚಪ್ಪಲಿ ವಾಸನೆ," ಎಂದ ಬೇಸರದಿಂದ. "ಹೀಟರ್ ಸೋರಿದ್ರೆ ಇಲ್ಲಿ ಸಿಹಿ ವಾಸನೆ ಬರ್ಬೇಕು. ಎಲಾ ಅಜ್ಜ! ನನಗೇ ನೀರು ಕುಡಿಸ್ತಾ ಇದ್ದಾನಲ್ಲ."

ಇನ್ಸ್‌ಪೆಕ್ಟರಮ್ಮ ಕೈಗಡಿಯಾರ ನೋಡಿಕೊಂಡರು.

ಆಗ ಅವಳಿಗೆ ನೆನಪಾದದ್ದು ತನ್ನದೇ ಕಸುಬು. ಎಷ್ಟೋ ಕೋಟುಗಳು ಹೊರಗಿನಿಂದ ಹೊಸದರಂತೆ ಕಾಣುತ್ತವೆ. ಕೈ ಹಾಕಿದರೆ ಒಳಗಿನ ಅಸ್ತರಿನ ಹೊಲಿಗೆ ಬಿಟ್ಟು ಜೇಬಿನ ಚಿಲ್ಲರೆಯೆಲ್ಲ ಅದರೊಳಗೆ ಸೇರಿಕೊಂಡಿರುತ್ತದೆ. ಕೋಟು ಕಳೆದುಕೊಳ್ಳುವುದೂ ಇಲ್ಲ, ವಾಪಸು ಕೊಡುವುದೂ ಇಲ್ಲ.

"ಮೂಗಣ್ಣ," ಎಂದಳು. "ಹೊರಹೊಲಿಗೆ ಗಟ್ಟಿ ಇದೆ. ಒಳಹೊಲಿಗೆ ಬಿಟ್ಟಿರಬಹುದಾ? ಬೆಳಿಗ್ಗೆ ಮೊದಲ ಸಲ ಎಂಜಿನ್ ಎದ್ದಾಗ ಅಜ್ಜ ಗಡಗಡ ನಡುಗ್ತಾನೆ, ಆಮೇಲೆ ಸರಿಹೋಗ್ತಾನೆ ಅಂತ ತಂಗಿ ಹೇಳ್ತಿದ್ಲು. ಚಳಿ ಅಂತ ನಗಾಡ್ತಿದ್ವಿ."

ಮೂಗಣ್ಣ ನಿಧಾನವಾಗಿ ಎದ್ದು ನಿಂತ. "ಇದನ್ನ ನಿನ್ನೆನೇ ಹೇಳೋಕೇನಾಗಿತ್ತಮ್ಮಾ?"

"ನಡುಗೋದು ಕಾಯಿಲೆ ಅಂತ ನನಗೇನು ಗೊತ್ತು?"

"ಅಜ್ಜಂದಿರು ಸುಮ್ಸುಮ್ನೆ ನಡುಗಲ್ಲ."

ಅವನು ಎಂಜಿನ್ನಿನ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿಟ್ಟ. ಹಾವಿನ ಮರಿಯಂಥ ಒಂದು ತೆಳು ವೈರು ತಂದ. ಅದರ ತುದಿಯಲ್ಲಿ ಪುಟ್ಟ ಕ್ಯಾಮರಾ, ಇನ್ನೊಂದು ತುದಿಯಲ್ಲಿ ಅಂಗೈಯಷ್ಟು ಪರದೆ. ಮೊದಲ ತೂತಿಗೆ ಇಳಿಸಿದ. ಪರದೆಯ ಮೇಲೆ ಕಪ್ಪಗೆ ಮಸಿ ಹಿಡಿದ ಒಂದು ಬಟ್ಟಲು ಕಾಣಿಸಿತು.

"ಇದು ಪಿಸ್ಟನ್ನಿನ ತಲೆ. ಒಲೆ ಮೇಲಿನ ಪಾತ್ರೆ ಇದ್ದ ಹಾಗೆ. ಇಷ್ಟು ವರ್ಷ ಓಡಿದ ಮೇಲೆ ಮಸಿ ಹಿಡಿಲೇಬೇಕು."

ಎರಡನೆಯದೂ ಕಪ್ಪು. ಮೂರನೆಯದಕ್ಕೆ ವೈರು ಇಳಿಯಿತು.

ಪರದೆ ಬೆಳ್ಳಗೆ ಫಳಫಳ ಹೊಳೆಯಿತು.

ಯಾರೋ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿಟ್ಟಂತೆ ಆ ಬಟ್ಟಲು ಮಿನುಗುತ್ತಿತ್ತು. ಮೂಗಣ್ಣ ಕ್ಯಾಮರಾವನ್ನು ಒಂದಿಷ್ಟು ತಿರುಗಿಸಿದ. ಗೋಡೆಯ ಅಂಚಿನಿಂದ ಒಂದು ಗುಲಾಬಿ ಹನಿ ಇಳಿಯುತ್ತಿತ್ತು. ಇಳಿದು, ತುದಿಯಲ್ಲಿ ತೂಗಿ, ಬಿದ್ದಿತು. ಅದರ ಹಿಂದೆ ಇನ್ನೊಂದು ಕಣ್ಣು ಬಿಡುತ್ತಿತ್ತು.

"ಸಿಕ್ಕಿದ ಕಳ್ಳ!" ಎಂದ ಮೂಗಣ್ಣ. "ಎಂಜಿನ್ನಿನ ಮೇಲ್ಭಾಗ, ಕೆಳಭಾಗ ಎರಡರ ನಡುವೆ ಒಂದು ತೆಳು ತಗಡಿನ ಪದರ ಇರುತ್ತೆ, ಹೆಡ್ ಗ್ಯಾಸ್ಕೆಟ್. ಅದು ಕೂದಲೆಳೆಯಷ್ಟು ಬಿಟ್ಟಿದೆ. ನಿಂತಾಗ ಹನಿ ಹನಿ ಒಳಗಿಳಿಯುತ್ತೆ, ಬೆಳಿಗ್ಗೆ ಎಂಜಿನ್ ಎದ್ದ ಕೂಡಲೇ ಉರಿದು ಹೊಗೆಯಾಗಿ ಹೋಗುತ್ತೆ. ನೆಲಕ್ಕೆ ಒಂದು ಹನಿ ಬೀಳಲ್ಲ. ಆ ಹಬೆಯೇ ಮಸಿ ತೊಳೆದಿರೋದು. ಅಜ್ಜ ಕದ್ದು ಕುಡೀತಿದ್ದ ಮೇಡಂ. ಎಷ್ಟು ಕೊಟ್ರೂ ಸಾಲ್ದು ಅಂತ ಆ ಹುಡುಗಿ ಬರೆದಿದ್ದು ಅಕ್ಷರಶಃ ನಿಜ."

ಇನ್ಸ್‌ಪೆಕ್ಟರಮ್ಮ ಪರದೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಮೂರನೆಯ ಹನಿ ಬೀಳುವವರೆಗೂ ಕಣ್ಣು ಕೀಳಲಿಲ್ಲ. ಆಮೇಲೆ ಅಕ್ಕನ ಕಡೆ ತಿರುಗಿದರು. ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವರ ನೋಟದಲ್ಲಿ ಪೊಲೀಸು ಕಡಿಮೆಯಾಗಿ ಹೆಂಗಸು ಕಂಡಳು.

"ಕಾರಿಗೆ ಅಜ್ಜ ಅಂತೀರಾ ನೀವು?"

"ಅಂತೀವಿ ಮೇಡಂ." ಅಕ್ಕ ಕಾರಿನ ಕಡೆ ತಿರುಗಿದಳು. "ಹೊರಡೋವಾಗ ತಲೆ ಸವರಿ ಹೋಗ್ತಾಳೆ ಅವಳು."

ಮೇಷ್ಟ್ರ ಮಗಳು ಎರಡು ಹೆಜ್ಜೆ ಮುಂದೆ ಬಂದಳು. "ಆಯ್ತಪ್ಪ, ಗಾಡಿ ಕುಡೀತು. ಗಾಡಿ ಕುಡಿದ್ರೆ ನಮ್ಮಪ್ಪ ಕುಡೀಲಿಲ್ಲ ಅಂತಾಗುತ್ತಾ? ಅದೇ ಕ್ಯಾನಿನಿಂದ ಅಲ್ಲೊಂದಿಷ್ಟು, ಇಲ್ಲೊಂದಿಷ್ಟು ಸುರಿದಿರಬಹುದಲ್ಲ? ನಾನು ಆವತ್ತು ಊರಲ್ಲಿದ್ದಿದ್ರೆ ಇದಕ್ಕೆಲ್ಲ ಬಿಡ್ತಿದ್ನಾ? ಬೆಳಿಗ್ಗೆ ಹೋದವಳು ಬಂದಿದ್ದು ರಾತ್ರಿ, ಆಸ್ಪತ್ರೆಯಿಂದ ಫೋನ್ ಬಂದ ಮೇಲೆ."

ಮಾತು ಕಹಿಯಾಗಿದ್ದರೂ ತಪ್ಪಾಗಿರಲಿಲ್ಲ. ಅಕ್ಕ ಒಪ್ಪಿಕೊಂಡಳು. ಒಪ್ಪಿಕೊಳ್ಳುತ್ತಲೇ ಅವಳೊಳಗೆ ಒಂದು ದೀಪ ಹೊತ್ತಿತು.

"ಅದೇ ಕ್ಯಾನಿನಿಂದ ಅಂತೀರಲ್ವಾ? ಹಾಗಾದ್ರೆ ನೋಡೇಬಿಡೋಣ. ಮೂಗಣ್ಣ, ಆ ವರ್ಕ್‌ಶಾಪ್‌ನವರು ಸೋರಿಕೆ ಹುಡುಕೋಕೆ ಎಂಥದೋ ಹೊಳೆಯೋ ಬಣ್ಣ ಹಾಕಿದ್ರಂತೆ."

"ಹ್ಞೂ, ನೀಲಿ ಲ್ಯಾಂಪ್ ಹಿಡಿದ್ರೆ ಹಸಿರಾಗಿ ಹೊಳೆಯುತ್ತೆ. ಎಂಜಿನ್ನಿಗೆ ಹಾಕಿದ್ದು."

"ಮೇಷ್ಟ್ರಿಗೆ ಹೀಗಾಗೋಕೆ ಎಷ್ಟೋ ದಿನ ಮುಂಚೆಯೇ ಶೀಶೆಯಲ್ಲಿ ಉಳಿದದ್ದನ್ನ ಅವಳು ಕೇಳಿ ಇಸ್ಕೊಂಡು ಬಂದು ಕ್ಯಾನಿಗೆ ಸುರಿದಿದ್ಲು. 'ಸುಮ್ನೆ ಯಾಕೆ ಬಿಸಾಡೋದು ಅಕ್ಕಾ' ಅಂತ."

ಮೂಗಣ್ಣ ಹಣೆ ಚಚ್ಚಿಕೊಂಡ. "ಅದನ್ನ ಕ್ಯಾನಿಗೆ ಯಾರಾದ್ರೂ ಹಾಕ್ತಾರೇನಮ್ಮಾ!"

"ನಮ್ಮಮ್ಮನ ಮಕ್ಕಳು ಹಾಕ್ತಾರೆ," ಎಂದಳು ಅಕ್ಕ. ತುಂಡು ದಾರವನ್ನೂ ಎಸೆಯಗೊಡದ ಅಮ್ಮ, ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುತ್ತಿದ್ದ ಅಮ್ಮ. ಆ ಜಿಪುಣತನಕ್ಕೆ ಎಷ್ಟು ಸಲ ನಾಚಿಕೊಂಡಿದ್ದಳೋ. ಇವತ್ತು ಅದಕ್ಕೆ ಕೈಮುಗಿಯಬೇಕೆನಿಸಿತು.

ಲ್ಯಾಬಿಗೆ ಕೊಂಡೊಯ್ಯಲೆಂದು ಸಾಮಾನುಗಳೆಲ್ಲ ಜೀಪಿನಲ್ಲೇ ಇದ್ದವು. ಇನ್ಸ್‌ಪೆಕ್ಟರಮ್ಮ ಕ್ಷಣ ಯೋಚಿಸಿ, ತಾವೇ ಹೋಗಿ ಎರಡು ಪಾರದರ್ಶಕ ಚೀಲಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದರಲ್ಲಿ ಕ್ಯಾನು. ಇನ್ನೊಂದರಲ್ಲಿ ಸಾದಾ ಸ್ಟೀಲ್ ಫ್ಲಾಸ್ಕು, ಅದರ ಬಟ್ಟಲಿನಂಥ ಮುಚ್ಚಳ. ಮುಚ್ಚಳದ ತಳದಲ್ಲಿ ಒಣಗಿದ ಕಲೆ.

ವಿಷ ಯಾವುದರಲ್ಲಿತ್ತು ಎಂದು ಪೊಲೀಸರು ಇವತ್ತಿನವರೆಗೂ ಬಾಯಿಬಿಟ್ಟಿರಲಿಲ್ಲ.

ಫ್ಲಾಸ್ಕು? ಅಕ್ಕನ ಒಳಗೆಲ್ಲೋ ಯಾರೋ ಒಂದು ಎಳೆ ದಾರ ಎಳೆದಂತಾಯಿತು. ಏನೆಂದು ಹೊಳೆಯಲಿಲ್ಲ. ಇಂಥ ಫ್ಲಾಸ್ಕು ಮನೆಗೊಂದಿರುತ್ತದೆ.

ಮೂಗಣ್ಣ ಗ್ಯಾರೇಜಿನ ಬಾಗಿಲು ಎಳೆದ. ಕತ್ತಲಾಯಿತು. ನೀಲಿ ಲ್ಯಾಂಪು ಹೊತ್ತಿತು.

ಕ್ಯಾನಿನ ಮೇಲೆ ಬೆಳಕು ಬಿದ್ದದ್ದೇ ತಡ, ಅದರ ಬಾಯಿ, ಹಿಡಿ, ಬದಿಯಲ್ಲಿ ಇಳಿದ ಗೆರೆಗಳು ಎಲ್ಲವೂ ಹಸಿರು ಬೆಂಕಿ ಹತ್ತಿದಂತೆ ಹೊಳೆದವು. ಮೇಷ್ಟ್ರ ಮಗಳು ಉಸಿರೆಳೆದುಕೊಂಡದ್ದು ಕೇಳಿಸಿತು.

"ಈಗ ಅದಕ್ಕೆ ಹಿಡೀರಿ," ಎಂದರು ಇನ್ಸ್‌ಪೆಕ್ಟರಮ್ಮ.

ಬೆಳಕು ಮುಚ್ಚಳದ ಕಡೆಗೆ ಸರಿಯಿತು. ಅಕ್ಕ ಕಣ್ಣು ಮುಚ್ಚಿದಳು. ತೆರೆದಾಗ ಏನೂ ಕಾಣಲಿಲ್ಲ. ಕಲೆ ಇದ್ದ ಜಾಗದಲ್ಲಿ ಬರೀ ಕಪ್ಪು. ಮೂಗಣ್ಣ ಹತ್ತಿರ ಹಿಡಿದ, ಓರೆಯಾಗಿ ಹಿಡಿದ, ಫ್ಲಾಸ್ಕಿನ ಕುತ್ತಿಗೆಯ ಸುತ್ತ ತಿರುಗಿಸಿದ. ಕಪ್ಪು, ಕಪ್ಪು, ಕಪ್ಪು.

ಕತ್ತಲೆಯನ್ನು ಕಂಡು ಇಷ್ಟು ಸಂತೋಷಪಟ್ಟದ್ದು ಅಕ್ಕನಿಗೆ ಜನ್ಮದಲ್ಲಿ ನೆನಪಿಲ್ಲ.

"ಇದರಲ್ಲಿದ್ದದ್ದು ಈ ಕ್ಯಾನಿನದ್ದಲ್ಲ," ಎಂದರು ಇನ್ಸ್‌ಪೆಕ್ಟರಮ್ಮ ನಿಧಾನವಾಗಿ. "ಲ್ಯಾಬ್‌ನವರೂ ಹೇಳ್ಬೇಕು. ಆದ್ರೆ ನನ್ನ ಕಣ್ಣು ಕಂಡಿದ್ದನ್ನ ನಾನು ನಾಳೆ ಕೋರ್ಟಲ್ಲಿ ಹೇಳ್ತೀನಿ."

"ಸ್ವಲ್ಪ ಲೈಟ್ ಹಾಕ್ರಿ, ಪುಣ್ಯ ಬರುತ್ತೆ," ಎಂದಳು ಮೇಷ್ಟ್ರ ಮಗಳು ಕತ್ತಲೊಳಗಿಂದ.

ಮುಖ ಕಾಣದೆ, ಬರೀ ದನಿ. ಮತ್ತೆ ಆ ದಾರ ಎಳೆದಂತಾಯಿತು. ಈ ಸಲ ಇನ್ನೂ ಜೋರಾಗಿ.

ಬಾಗಿಲು ತೆರೆಯುತ್ತಿದ್ದಂತೆ ಇನ್ಸ್‌ಪೆಕ್ಟರಮ್ಮನ ಫೋನು ಬಡಿದುಕೊಂಡಿತು. ಅವರು ಕೇಳುತ್ತಾ ಹೋದಂತೆ ಹುಬ್ಬು ಮೇಲೇರಿತು. "ಹೌದಾ? ಚೆನ್ನಾಗಿದ್ದಾರಾ? ಏನಂದ್ರು? ಇನ್ನೊಂದ್ಸಲ ಹೇಳಿ." ಫೋನು ಕೆಳಗಿಳಿಸಿದರು. "ಆಸ್ಪತ್ರೆಯಿಂದ. ಮೇಷ್ಟ್ರು ಮಾತಾಡಿದ್ರಂತೆ."

"ದೇವರು ದೊಡ್ಡವನು!" ಎಂದ ಮೂಗಣ್ಣ. ಅಕ್ಕನ ಕಣ್ಣಲ್ಲಿ ನೀರಾಡಿತು. ಇಷ್ಟು ದಿನ ಕಣ್ಣು ಬಿಟ್ಟರೂ ನಾಲಿಗೆ ಹೊರಳದೆ ಮಲಗಿದ್ದ ಜೀವ. ಮಗಳು ಮಾತ್ರ ಸೆರಗನ್ನು ಮುಷ್ಟಿಯಲ್ಲಿ ಇನ್ನಷ್ಟು ಬಿಗಿ ಹಿಡಿದಳು.

"ಯಾರು ಕುಡಿಸಿದ್ದು ಅಂತ ಡಾಕ್ಟರು ಕೇಳಿದ್ರಂತೆ. ಒಂದೇ ಮಾತು ಹೇಳಿ ಮತ್ತೆ ನಿದ್ದೆ ಹೋಗಿದ್ದಾರೆ." ಇನ್ಸ್‌ಪೆಕ್ಟರಮ್ಮನ ನೋಟ ಅಕ್ಕನ ಮೇಲೆ ನಿಂತಿತು. ಈಗ ಅದರಲ್ಲಿ ಮತ್ತೆ ಪೊಲೀಸು ತುಂಬಿಕೊಂಡಿತ್ತು. "'ಅಕ್ಕ' ಅಂದ್ರಂತೆ."

ಮೂಗಣ್ಣ ಲ್ಯಾಂಪನ್ನು ಮೇಜಿನ ಮೇಲಿಟ್ಟ.

"ಅವರು ನಿಮ್ಮನ್ನ ಏನಂತ ಕರೀತಿದ್ರು?"

"ಅಕ್ಕ ಅಂತ," ಎಂದಳು ಅಕ್ಕ. "ತಂಗಿ ಕರೆಯೋದು ಕೇಳಿ ಕೇಳಿ. ಅಷ್ಟು ವಯಸ್ಸಾದವರು ನನ್ನ ಅಕ್ಕ ಅಂತಾರಲ್ಲ ಅಂತ ನಾಚಿಕೆ ಆಗ್ತಿತ್ತು."

"ಆವತ್ತು ಅವರ ಮನೆಗೆ ಹೋಗಿದ್ರಾ?"

ಹೋಗಿದ್ದಳು. ಮೇಷ್ಟ್ರ ಪೈಜಾಮದ ಉದ್ದ ತಗ್ಗಿಸಿ ಕೊಡಲು. ಯಾವಾಗಲೂ ತೆರೆದೇ ಇರುತ್ತಿದ್ದ ಬಾಗಿಲು. ತಂಗಿ ಔಷಧಿ ತರಲು ಹೊರಗೆ ಹೋಗಿದ್ದಳು. ಮೆಟ್ಟಿಲು ಹತ್ತಬೇಕೆನ್ನುವಾಗ ಅಡುಗೆಮನೆಯಿಂದ ಒಂದು ದನಿ, ಬರೀ ದನಿ: 'ಅಕ್ಕಾ, ಮೇಲೆ ಹೋಗ್ತೀರಲ್ಲ, ಮೇಜಿನ ಮೇಲಿರೋ ಬಾರ್ಲಿ ನೀರು ಅಪ್ಪನಿಗೆ ಕೊಟ್ಟುಬಿಡಿ, ಪುಣ್ಯ ಬರುತ್ತೆ.' ಅಡುಗೆಯವಳೆಂದುಕೊಂಡಿದ್ದಳು. 'ಅಪ್ಪ' ಎಂದದ್ದೂ ಆಗ ಕಿವಿಗೆ ಹೋಗಲಿಲ್ಲ. ಹಿರಿಯರನ್ನು ಅಪ್ಪ ಎನ್ನುವವರು ಎಷ್ಟೋ ಜನ.

ಆವತ್ತು ಆ ಫ್ಲಾಸ್ಕು ಬರಿಮೈಯಲ್ಲಿರಲಿಲ್ಲ. ನೀಲಿ ಬಟ್ಟೆಯ ಅಂಗಿ ತೊಟ್ಟಿತ್ತು. ಮೇಷ್ಟ್ರು ಮುಚ್ಚಳದಲ್ಲಿ ಬಗ್ಗಿಸಿಕೊಂಡು ಕುಡಿದು, ಮಗುವಿನಂತೆ ತುಟಿ ಚಪ್ಪರಿಸಿದ್ದರು. 'ಇವತ್ತು ಸಿಹಿ ಜಾಸ್ತಿ ಕಣೇ ಅಕ್ಕ. ಡಾಕ್ಟರಿಗೆ ಹೇಳ್ಬೇಡ.'

ಇಬ್ಬರೂ ನಕ್ಕಿದ್ದರು.

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಇಲ್ಲ ಎಂದರೆ ಆಗುತ್ತಿತ್ತು. ನೋಡಿದವರಿಲ್ಲ. ತಂಗಿಯಂತೂ ಉಳಿದುಕೊಂಡಳು. ಆದರೆ ಬೆಳಗಿನಿಂದ ಅವಳು ಬೇಡಿದ್ದು ಒಂದೇ: ಒಳಗಿರುವುದು ಹೊರಗೆ ಬರಲಿ ಎಂದು. ಅಜ್ಜನ ಹೊಟ್ಟೆ ಬಿಚ್ಚಿಸಿ ತನ್ನದನ್ನು ಮುಚ್ಚಿಕೊಳ್ಳುವುದು ಹೇಗೆ?

"ಹೋಗಿದ್ದೆ," ಎಂದಳು. "ಕುಡಿಸಿದ್ದೂ ನಾನೇ. ಅದರಲ್ಲಿ ಏನಿತ್ತು ಅಂತ ಗೊತ್ತಿರಲಿಲ್ಲ. ಕೆಳಗಿನಿಂದ ಯಾರೋ ಕೊಡೋಕೆ ಹೇಳಿದ್ರು, ಕೊಟ್ಟೆ."

"ಕೇಳಿದ್ರಾ!" ಮೇಷ್ಟ್ರ ಮಗಳ ದನಿ ಚಾವಣಿಗೆ ಬಡಿಯಿತು. "ತಂಗಿಯಲ್ಲದಿದ್ರೆ ಅಕ್ಕ! ಯಾರೋ ಹೇಳಿದ್ರಂತೆ. ಯಾರ್ರೀ ಹೇಳಿದ್ದು? ಮನೆಯಲ್ಲಿ ಯಾರಿದ್ರು? ಅಡುಗೆಯವಳಿಗೆ ಅವತ್ತು ರಜ!"

ಮೂಗಣ್ಣ ಅಕ್ಕನನ್ನೇ ಬೆಪ್ಪಾಗಿ ನೋಡುತ್ತಿದ್ದ. ಇನ್ಸ್‌ಪೆಕ್ಟರಮ್ಮನ ಕೈ ಮೆಲ್ಲನೆ ಅಕ್ಕನ ತೋಳಿನ ಕಡೆ ಬಂದಿತು. "ನೀವು ಹೇಳೋದಕ್ಕೆ ಏನಾದ್ರೂ ಆಧಾರ ಇದೆಯಾ?"

"ಆ ಫ್ಲಾಸ್ಕಿಗೊಂದು ಬಟ್ಟೆಯ ಅಂಗಿ ಇತ್ತು ಮೇಡಂ," ಎಂದಳು ಅಕ್ಕ. "ನೀಲಿದು. ಬುಡದಲ್ಲಿ ಹೊಲಿಗೆ ಬಿಟ್ಟಿತ್ತು. ಹೊಲಿಗೆ ಬಿಟ್ಟಿದ್ದನ್ನ ನೋಡಿದ್ರೆ ನನ್ನ ಕೈ ಸುಮ್ನಿರಲ್ಲ. ಹೊಲಿದು ತರ್ತೀನಿ ಅಂತ ಮೇಷ್ಟ್ರಿಗೆ ಹೇಳಿ ಬಿಚ್ಚಿಕೊಂಡು ಹೋದೆ. ಒಂದು ಕಡೆ ಒದ್ದೆಯಾಗಿತ್ತು, ಅಂಟಂಟು. ತುಂಬಿಸೋವಾಗ ಚೆಲ್ಲಿರ್ಬೇಕು. ಬಾರ್ಲಿ ನೀರು ಅಂದ್ಕೊಂಡೆ. ಚೆಲ್ಲಿದವರ ಕೈ ಒರೆಸಿದ ಗುರುತೂ ಇತ್ತು ಅದರ ಮೇಲೆ, ಬೆರಳು ಬೆರಳಾಗಿ."

ತೆರೆದ ಎಂಜಿನ್ನಿನಿಂದ ಸಿಹಿಯಾದ ವಾಸನೆ ತೇಲಿ ಬಂದಿತು. ಅಂದು ಆ ಬಟ್ಟೆಯಿಂದ ಬಂದದ್ದೂ ಇದೇ ವಾಸನೆ.

ಬೆಳಗಿನಿಂದ ಅಕ್ಕನನ್ನು 'ಇವರು', 'ರೀ' ಎನ್ನುತ್ತಿದ್ದ ಮೇಷ್ಟ್ರ ಮಗಳು ಈಗ ಸೆರಗು ಬಿಟ್ಟಳು. ಅದು ಗ್ರೀಸಿನ ಮೇಲೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ. ಬಹಳ ಮೆಲ್ಲಗೆ, ಬಹಳ ಮೃದುವಾಗಿ ಕೇಳಿದಳು:

"ಅಕ್ಕಾ... ಅದನ್ನ ಒಗೆದುಬಿಟ್ರಾ?"

ಅಡುಗೆಮನೆಯ ದನಿ! ಅದೇ ಎಳೆತ, ಅದೇ 'ಅಕ್ಕಾ'. ಊರಲ್ಲೇ ಇರಲಿಲ್ಲ ಎಂದವಳ ಬಾಯಿಂದ.

ಅಕ್ಕ ಉತ್ತರಿಸಲು ಬಾಯಿ ತೆರೆದಳು. ಆಗ ಕಣ್ಣಮುಂದೆ ಬಂದದ್ದು ಅಂಗಡಿಯ ಮೆಟ್ಟಿಲು. ಮೆಟ್ಟಿಲ ಮೇಲೆ ತಾನೇ ಇಟ್ಟು ಬಂದ 'ಮೊದಲು ಒಗೆತ'ದ ಬುಟ್ಟಿ. ಬುಟ್ಟಿಯ ಅಂಚಿನಿಂದ ಇಣುಕುತ್ತಿದ್ದ ಒಂದು ನೀಲಿ ಚೂರು. ಬೀದಿಯ ತಿರುವಿನಲ್ಲಿ ಲಾಂಡ್ರಿಯವನ ವ್ಯಾನಿನ ಹಾರ್ನು ಕೇಳಿಸಬೇಕಾದ ಹೊತ್ತು ಇನ್ನೂ ಆಗಿರಲಿಲ್ಲ. ಇನ್ನೇನು ಆಗುವುದರಲ್ಲಿತ್ತು.

ಮೇಷ್ಟ್ರ ಮಗಳ ಕೈ ಆಗಲೇ ತನ್ನ ಕಾರಿನ ಕೀಲಿಯನ್ನು ಹುಡುಕುತ್ತಿತ್ತು.

ಅಕ್ಕ ಇನ್ಸ್‌ಪೆಕ್ಟರಮ್ಮನ ತೋಳನ್ನು ತಾನೇ ಹಿಡಿದೆಳೆದಳು.

"ಜೀಪ್ ತೆಗೀರಿ ಮೇಡಂ, ಬೇಗ," ಎಂದಳು. "ಪುಣ್ಯ ಬರುತ್ತೆ."